ನೆರಳಿಗೆ ಯಾವ ಲಿಂಗ?

ಸಜೀವಚಿತ್ರವೆಂಬುದು ಮಕ್ಕಳ ಆಟಿಕೆ. ಅದರೊಳಗೆ ಹೆಣ್ಣಿನ ಸ್ವಾತಂತ್ರ್ಯವನ್ನೂ, ಹೆಣ್ಣು ಗಂಡೆಂಬ ಎರಡು ಕಟ್ಟಿನೊಳಗೆ ಅಡಗದ ಬಾಳುವೆಗಳನ್ನೂ ತೋರಿಸಹೊರಡುವುದು ಪರದೇಶದಿಂದ ಬಂದ ಹೊಸ ವ್ಯಾಧಿ, ಎಂಬ ಮಾತನ್ನು ನಮ್ಮ ಜಿಲ್ಲೆಯ ವಿದ್ಯಾವಂತರ ಬಾಯಿಂದಲೇ ಈಚೆಗೆ ಪದೇಪದೇ ಕೇಳಬೇಕಾಗಿದೆ. ಹೇಳುವವರು ಸಭ್ಯರು, ಓದಿದವರು, ಮನೆಯಲ್ಲಿ ಭಾರತವನ್ನು ಪಾರಾಯಣಮಾಡತಕ್ಕವರು. ಆದಕಾರಣವೇ ಅವರಿಗೆ ಉತ್ತರ ಕೊಡುವುದು ಅವಶ್ಯಕವಾಯಿತು. ಭಾರತವನ್ನು ಓದದವನು ಹೀಗೆಂದಿದ್ದರೆ ಸುಮ್ಮನಿರಬಹುದಾಗಿತ್ತು.

ಮೊದಲು ಹೆಸರನ್ನೇ ವಿಚಾರಿಸೋಣ. ಆನಿಮೇಶನ್ ಎಂಬ ಪದದ ಮೂಲದಲ್ಲಿರುವ ಲ್ಯಾಟಿನ್ ಶಬ್ದಕ್ಕೆ ಉಸಿರು, ಪ್ರಾಣ ಎಂದರ್ಥ. ಜಡವಾದ ಚಿತ್ರಕ್ಕೆ ಪ್ರಾಣಪ್ರತಿಷ್ಠೆ ಮಾಡುವುದೇ ಈ ವಿದ್ಯೆ. ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರಗಳಂತೆ, ಒಂದಕ್ಕಿಂತ ಇನ್ನೊಂದು ಕೂದಲೆಳೆಯಷ್ಟು ಬೇರೆಯಾಗಿರುವಂತೆ ಜೋಡಿಸಿ ಕಣ್ಣಿನ ಮುಂದೆ ಹಾಯಿಸಿದರೆ, ಇಲ್ಲದ ನಡಿಗೆ ಇದ್ದಂತೆ ತೋರುವುದು. ಇದಕ್ಕೆ ಯಂತ್ರ ಹೊಸದು, ಆಸೆ ಹಳೆಯದು. ಸುಭಟಕವಿಯ ದೂತಾಂಗದವು ತನ್ನನ್ನು ಛಾಯಾನಾಟಕವೆಂದೇ ಕರೆದುಕೊಂಡಿದೆ. ಆ ಶಬ್ದದ ಅರ್ಥವೇನೆಂದು ಪಂಡಿತರು ಕಾದಾಡಿಕೊಂಡಿರಲಿ. ಕನ್ನಡನಾಡಿನ ಶಿಳ್ಳೇಕ್ಯಾತರು ತೊಗಲನ್ನು ಹದಮಾಡಿ, ಕೊರೆದು, ಬಣ್ಣವಿಟ್ಟು, ಪರದೆಯ ಹಿಂದೆ ದೀಪ ಹಚ್ಚಿ ಆಡಿಸುತ್ತ ಬಂದಿರುವ ಗೊಂಬೆಯಾಟದಲ್ಲಂತೂ ಯಾವ ಸಂಶಯಕ್ಕೂ ಎಡೆಯಿಲ್ಲ. ಇವರ ಮನೆಮಾತು ಮರಾಠಿಯ ಒಂದು ಬಗೆ, ಆಡಿಸುವ ಕಥೆ ಕನ್ನಡದ್ದು. ನಮ್ಮ ಮೆಹಕರದಂತಹ ಗಡಿಯೂರಿನವರಿಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಕಾಣದು.

ಇನ್ನು ಆ ಪರದೆಯ ಮೇಲೆ ಯಾವ ಲೋಕ ಮೂಡುತ್ತಿತ್ತೆಂಬುದನ್ನು ನೋಡಬೇಕು. ಮಳೆ ಹೋದ ವರ್ಷ ನಮ್ಮ ಹಳ್ಳಿಗರು ಮಾಡುತ್ತಿದ್ದುದೇನು? ಗೊಂಬೆಯಾಟ ಆಡಿಸುತ್ತಿದ್ದರು, ಇಲ್ಲವೆ ವಿರಾಟಪರ್ವವನ್ನು ಓದಿಸುತ್ತಿದ್ದರು. ಹದಿನೆಂಟು ಪರ್ವಗಳಲ್ಲಿ ಯುದ್ಧಪರ್ವಗಳನ್ನು ಬಿಟ್ಟು, ಶಾಂತಿಪರ್ವವನ್ನು ಬಿಟ್ಟು, ವಿರಾಟಪರ್ವವನ್ನೇ ಹಿಡಿದರಲ್ಲ! ಆ ಪರ್ವದಲ್ಲಿ ಗಾಂಡೀವಿಯು ಬಳೆ ತೊಟ್ಟು, ಜಡೆ ಬಿಟ್ಟು, ಬೃಹನ್ನಳೆಯೆಂಬ ಹೆಸರಿನಿಂದ ಅಂತಃಪುರವನ್ನು ಹೊಕ್ಕು ಉತ್ತರೆಗೆ ನಾಟ್ಯ ಕಲಿಸುತ್ತಾನೆ. ಒಂದು ವರ್ಷ ಹಾಗೆಯೇ ಬಾಳುತ್ತಾನೆ. ಆಕಾಶದಿಂದ ನೀರು ಬೇಡುವ ಊರು ಈ ಕಥೆಯನ್ನು ಅಶುಭವೆಂದು ಎಣಿಸಲಿಲ್ಲ.

ಅದು ಊರ್ವಶಿಯ ಶಾಪ, ಅದು ವೇಷ, ಅವಧಿ ಮುಗಿದೊಡನೆ ಕಳಚಿತು ಎಂದು ಪ್ರತಿವಾದಿಗಳು ಹೇಳುವರು. ಅಹುದು, ಕಳಚಿತು. ಆದರೆ ವ್ಯಾಸರ ವಿರಾಟನು ಈ ವ್ಯಕ್ತಿಯನ್ನು ಸ್ತ್ರೀಯರಿಂದ ಪರೀಕ್ಷೆ ಮಾಡಿಸಿ, ಪುರುಷನಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಅಂತಃಪುರಕ್ಕೆ ಕಳುಹಿದನೆಂಬುದನ್ನು ಅವರು ಮರೆಯಬಾರದು. ಬರಿಯ ವೇಷವಾಗಿದ್ದರೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿದ್ದಿತು. ಶಿಖಂಡಿಯ ಮಾತನ್ನು ಎತ್ತಿದರಂತೂ ಶಾಪದ ವಾದವೂ ನಿಲ್ಲದು. ಅಲ್ಲಿ ಹೆಣ್ಣಾಗಿ ಹುಟ್ಟಿದ ಜೀವವು ಪುರುಷತ್ವವನ್ನು ತಾನೇ ಬೇಡಿ ಪಡೆಯಿತು. ಮೋಹಿನಿಯನ್ನು ಯಾರು ಶಪಿಸಿದ್ದರು?

ಭಾಷೆಯೇ ಈ ವಿಷಯದಲ್ಲಿ ನಮಗಿಂತ ಧೈರ್ಯವುಳ್ಳದ್ದು. ಪಾಠಶಾಲೆಯಲ್ಲಿ ಕಲಿತ ಹುಡುಗನಿಗೂ ತಿಳಿದ ಸಂಗತಿ: ಸಂಸ್ಕೃತದಲ್ಲಿ ಹೆಂಡತಿಗೆ ಭಾರ್ಯಾ ಎಂದರೆ ಸ್ತ್ರೀಲಿಂಗ, ದಾರಾಃ ಎಂದರೆ ಪುಲ್ಲಿಂಗ, ಅದೂ ನಿತ್ಯಬಹುವಚನ, ಕಲತ್ರಮ್ ಎಂದರೆ ನಪುಂಸಕಲಿಂಗ. ಮನೆಯಲ್ಲಿ ಒಬ್ಬಳೇ ಇದ್ದಾಳೆ, ಮೂರು ಲಿಂಗಗಳಲ್ಲಿ ನಡೆಯುತ್ತಾಳೆ! ತೃತೀಯಾಪ್ರಕೃತಿ ಎಂಬ ಮಾತು ಅಮರಕೋಶದಲ್ಲಿಯೇ ಇದೆ. ಯಾವ ವಿದೇಶೀಯ ಸಂಘವೂ ಅದನ್ನು ಅಲ್ಲಿ ಸೇರಿಸಲಿಲ್ಲ.

ಪಶ್ಚಿಮದ ಕಡೆಗೂ ಒಮ್ಮೆ ಕಣ್ಣು ಹಾಯಿಸೋಣ. ಇಂದು ಉಳಿದುಬಂದಿರುವ ಪೂರ್ಣಪ್ರಮಾಣದ ಸಜೀವಚಿತ್ರಗಳಲ್ಲಿ ಅತ್ಯಂತ ಹಳೆಯದು 1926ರ ರಾಜಕುಮಾರ ಅಹ್ಮದನ ಸಾಹಸಗಳು. ಇದನ್ನು ನಿರ್ಮಿಸಿದವಳು ಬರ್ಲಿನ್ನಿನ ಲೊಟ್ಟೆ ರೈನಿಗರ್ ಎಂಬ ತರುಣಿ. ಕಪ್ಪು ಕಾಗದವನ್ನು ಕತ್ತರಿಸಿ, ಕೀಲುಗಳನ್ನು ತಂತಿಯಿಂದ ಬಿಗಿದು, ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಜಿನ ಮೇಲೆ ಗೊಂಬೆಯನ್ನು ತುಸುತುಸುವೇ ಸರಿಸುತ್ತ, ಮೂರು ವರ್ಷ ದುಡಿದಳು. ನಮ್ಮ ಶಿಳ್ಳೇಕ್ಯಾತರು ಕಂಡಿದ್ದರೆ, ಇವಳು ನಮ್ಮ ಬಳಗದವಳೇ ಎಂದು ಬಾಯಿಗೆ ಎಲೆಯಡಿಕೆ ಕೊಡುತ್ತಿದ್ದರು. ಆ ಕಥೆಯಲ್ಲಿ ಬರುವ ಚೀನದ ಚಕ್ರವರ್ತಿಯನ್ನೂ ಅವನ ಆಪ್ತನನ್ನೂ ತಾನು ಪ್ರೇಮಿಗಳಾಗಿಯೇ ಕಲ್ಪಿಸಿದ್ದೆನೆಂದು ಆಕೆ ಮುಂದೆ ಹೇಳಿಕೊಂಡಳು. ಅದೇ ಶತಮಾನದಲ್ಲಿ, 1938ರಲ್ಲಿ, ಅಮೆರಿಕದ ಡಿಸ್ನಿ ಸಂಸ್ಥೆಯು ಕೆಲಸ ಬೇಡಿದ ಒಬ್ಬ ಹೆಣ್ಣುಮಗಳಿಗೆ, ಸೃಷ್ಟಿಯ ಕಾರ್ಯವೆಲ್ಲ ಯುವಕರದು, ಹೆಂಗಸರಿಗೆ ರೇಖೆಯ ಮೇಲೆ ಮಸಿ ತಿದ್ದುವುದೂ ಬಣ್ಣ ತುಂಬುವುದೂ ಮಾತ್ರ ಎಂಬರ್ಥದ ಕಾಗದವನ್ನು ಕಳುಹಿಸಿತು. ಹನ್ನೆರಡು ವರ್ಷಗಳ ಹಿಂದೆಯೇ ಒಬ್ಬಳು ಇಡೀ ಲೋಕವನ್ನು ಕತ್ತರಿಯಿಂದ ಸೃಷ್ಟಿಸಿ ಮುಗಿಸಿದ್ದಳು. ಹೀಗಿರಲು, ಹೆಣ್ಣು ಈ ವಿದ್ಯೆಗೆ ಹೊಸದಾಗಿ ನುಗ್ಗಿದಳೆಂಬ ಮಾತು ಚರಿತ್ರೆಯಲ್ಲ. ಅವಳನ್ನು ಹೊರಗೆ ತಳ್ಳಲಾಯಿತೆಂಬುದು ಚರಿತ್ರೆ.

ನಮ್ಮ ದೇಶದ್ದನ್ನೇ ಹೇಳುವುದಾದರೆ, ಗೀತಾಂಜಲಿ ರಾವ್ ಅವರು 2006ರಲ್ಲಿ ರಚಿಸಿದ ಪ್ರಿಂಟೆಡ್ ರೇನ್‌ಬೋ ಎಂಬ ಕಿರುಚಿತ್ರವುಂಟು. ಒಂಟಿ ಮುದುಕಿ, ಅವಳದೊಂದು ಬೆಕ್ಕು, ಒಂದಿಷ್ಟು ಬೆಂಕಿಪೆಟ್ಟಿಗೆಗಳು. ಆ ಪೆಟ್ಟಿಗೆಗಳ ಮೇಲಿನ ಚಿತ್ರಗಳೊಳಕ್ಕೆ ಅವಳು ಹೊಕ್ಕು ಸಂಚರಿಸುತ್ತಾಳೆ, ಅಷ್ಟೇ. ಯಾವ ಭಾಷಣವೂ ಇಲ್ಲ. ವಿಧವೆ, ಬಂಜೆ, ಮುದುಕಿ ಎಂದು ಮೂಲೆಗೆ ಒತ್ತಲ್ಪಟ್ಟ ಎಷ್ಟು ಹೆಂಗಸರನ್ನು ನಮ್ಮ ಭಾಲ್ಕಿ, ಔರಾದ ತಾಲೂಕುಗಳ ಮನೆಗಳಲ್ಲಿ ನಾವು ಕಂಡಿಲ್ಲ! ಅವರ ಒಳಗೂ ಬಣ್ಣದ ನಾಡೊಂದಿರಬಹುದೆಂದು ನಮ್ಮ ಕಾದಂಬರಿಕಾರರಿಗೇ ಬಹುಕಾಲ ಹೊಳೆಯಲಿಲ್ಲ. ಇದಕ್ಕೆ ಪ್ರತಿಯಾಗಿ ನಮ್ಮ ಮೊಮ್ಮಕ್ಕಳು ನಿತ್ಯವೂ ನೋಡುವ ಛೋಟಾ ಭೀಮನ ಊರಿನಲ್ಲಿ ಭೀಮನು ಲಡ್ಡು ತಿನ್ನುವನು, ಚುಟ್ಕಿಯು ಲಡ್ಡು ತಂದುಕೊಡುವಳು. ಇದರ ಮೇಲೆ ನಮ್ಮ ಸಭ್ಯರ ಆಕ್ಷೇಪಣೆ ಇಲ್ಲ. ಇದೂ ಒಂದು ಲೋಕನಿರ್ಮಾಣವೆಂಬುದು ಅವರ ಗಮನಕ್ಕೆ ಬಂದಿಲ್ಲ. ಅಭ್ಯಾಸವಾದ ಬೋಧನೆಯು ಬೋಧನೆಯಂತೆ ಕಾಣುವುದೇ ಇಲ್ಲವಷ್ಟೆ.

ಇಷ್ಟು ಹೇಳಿದ ಮೇಲೆ ನನ್ನ ಪಕ್ಷದವರಿಗೂ ಎರಡು ಮಾತು ಹೇಳದೆ ಗತ್ಯಂತರವಿಲ್ಲ. ಸಮಾನತೆಯ ಹೆಸರಿನಲ್ಲಿ ತಯಾರಾಗುವ ಎಷ್ಟೋ ಸಜೀವಚಿತ್ರಗಳು ಕೇವಲ ಬಣ್ಣ ಬಳಿದ ಪ್ರಕಟನೆಗಳು. ಪಾತ್ರ ಬಾಯಿ ತೆರೆದರೆ ನೀತಿವಾಕ್ಯ, ಮುಚ್ಚಿದರೆ ಸಂಸ್ಥೆಯ ಮುದ್ರೆ. ಕಾವ್ಯವು ಕಾಂತೆಯಂತೆ ಉಪದೇಶಿಸಬೇಕೆಂದು ಮಮ್ಮಟನು ಹೇಳಿದ್ದನ್ನು ಇವರು ಪ್ರಭುವಿನಂತೆ ಎಂದು ತಿದ್ದಿಕೊಂಡಿದ್ದಾರೆ. 2023ರಲ್ಲಿ ಬಂದ ನಿಮೋನಾ ಎಂಬ ಅಮೆರಿಕದ ಚಿತ್ರದಲ್ಲಿ ಕ್ಷಣಕ್ಕೊಂದು ರೂಪ ತಾಳುವ ಜೀವವೊಂದು, ನೀನು ಏನು ಎಂಬ ಪ್ರಶ್ನೆಗೆ ತನ್ನ ಹೆಸರನ್ನಷ್ಟೇ ಉತ್ತರವಾಗಿ ಕೊಡುತ್ತದೆ. ನಮ್ಮ ಕಾಮರೂಪಿಗಳ ಕಥೆ ಕೇಳಿ ಬೆಳೆದವರಿಗೆ ಅದು ಥಟ್ಟನೆ ಅರ್ಥವಾಗುವುದು. ಅಂಥದ್ದು ಬೇಕು, ಪ್ರಕಟನೆ ಬೇಡ.

ಈ ವಾದವು ಕೇವಲ ರಸಾಸ್ವಾದದ ವಿಷಯವಲ್ಲ. ನಾನು ಉಪಾಧ್ಯಾಯನಾಗಿದ್ದ ಒಂದು ಶಾಲೆಯಲ್ಲಿ ನಡಿಗೆಯಲ್ಲಿಯೂ ನುಡಿಯಲ್ಲಿಯೂ ಹೆಣ್ಣಿನ ಮೃದುತ್ವವಿದ್ದ ಹುಡುಗನೊಬ್ಬನಿದ್ದನು. ಅವನನ್ನು ಬೃಹನ್ನಳೆಯೆಂದು ಕರೆದೇ ಗೋಳುಹೊಯ್ದರು, ಮಳೆಗಾಗಿ ಪಾರಾಯಣ ಮಾಡುವ ಅದೇ ಹೆಸರಿನಿಂದ! ವರ್ಷದ ನಡುವೆಯೇ ಅವನು ಶಾಲೆ ಬಿಟ್ಟನು, ಊರನ್ನೂ ಬಿಟ್ಟನು. ಸುಪ್ರೀಂ ಕೋರ್ಟು 2014ರಲ್ಲಿ ತೃತೀಯಲಿಂಗಿಗಳಿಗೆ ಮನ್ನಣೆಯಿತ್ತಿತು. 2018ರಲ್ಲಿ ವಯಸ್ಕರ ಸಮ್ಮತಿಯ ಸಲಿಂಗಪ್ರೇಮವು ಅಪರಾಧವಲ್ಲವೆಂದಿತು. ಜೋಗತಿ ಮಂಜಮ್ಮನವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆದರೆ ತೀರ್ಪು ಹೆದರಿಕೆಯನ್ನು ತೆಗೆಯಬಲ್ಲದೇ ಹೊರತು, ಹತ್ತು ವರ್ಷದ ಕೂಸಿಗೆ ತಾನೂ ಇರಬಹುದಾದ ಒಂದು ಲೋಕದ ಚಿತ್ರವನ್ನು ಕೊಡಲಾರದು. ಅದನ್ನು ಕೊಡಬಲ್ಲದ್ದು ಕಥೆ. ಅಕ್ಷರ ಬಾರದವನಿಗೂ ಕೊಡಬಲ್ಲದ್ದು ಚಲಿಸುವ ಚಿತ್ರ.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆಯಿತು. ಆಗ ಅವರಿಗೆ ತೊಂಬತ್ತಾರು ವರ್ಷ. ಪರದೆಯ ಹಿಂದೆ ಕುಳಿತು ಕೌರವರನ್ನೂ ಪಾಂಡವರನ್ನೂ ಗಂಡುಗಳನ್ನೂ ಹೆಣ್ಣುಗಳನ್ನೂ ಒಂದೇ ಜೋಡಿ ಕೈಯಿಂದ ಕುಣಿಸಿದ ಹೆಂಗಸು ಆಕೆ. ನಮ್ಮ ಜಿಲ್ಲೆಯಲ್ಲಿ ಅನುಭವಮಂಟಪದ ನೆಲವಾದ ಬಸವಕಲ್ಯಾಣವಿದೆ, ಕರಿಯ ಲೋಹದ ಮೇಲೆ ಬೆಳ್ಳಿಯ ಬಳ್ಳಿ ಬಿಡಿಸುವ ಬಿದರಿಯ ಕುಶಲಿಗಳಿದ್ದಾರೆ, ಮನೆಮನೆಯಲ್ಲಿ ಛಾಯಾಗ್ರಹಣ ಮಾಡಬಲ್ಲ ದೂರವಾಣಿಯಿದೆ. ಒಂದು ಗಾಜು, ಒಂದು ದೀಪ, ಒಂದಿಷ್ಟು ಕಪ್ಪು ಕಾಗದ ಸಾಕು. ಬರುವ ಬೇಸಗೆಯ ರಜೆಯಲ್ಲಿ ನಮ್ಮ ಸಂಘವು ವಾಡಿಕೆಯ ಭಾಷಣಮಾಲೆಯನ್ನು ಒಂದು ವರ್ಷ ನಿಲ್ಲಿಸಿ, ಶಿಳ್ಳೇಕ್ಯಾತರ ಒಂದು ಮೇಳವನ್ನು ಯೋಗ್ಯ ಸಂಭಾವನೆಯೊಡನೆ ಭಾಲ್ಕಿಗೆ ಕರೆಸಲಿ. ಹೆಣ್ಣುಮಕ್ಕಳನ್ನೂ, ಶಾಲೆಗಳಲ್ಲಿ ನಗೆಗೀಡಾದ ಮಕ್ಕಳನ್ನೂ ಮೊದಲ ಸಾಲಿನಲ್ಲಿ ಕುಳ್ಳಿರಿಸಿ ಅವರ ಕೈಗೆ ಕತ್ತರಿ ಕೊಡಿಸಲಿ. ಆಕ್ಷೇಪಣೆಯುಳ್ಳ ಮಹನೀಯರು ಬಂದು ನೋಡಬಹುದು. ಮೊದಲ ದಿನದ ಪ್ರಸಂಗವು ವಿರಾಟಪರ್ವದ್ದೇ ಆಗಲೆಂದು ನನ್ನ ಸೂಚನೆ.