ಭೂಸುಧಾರಣೆ ಮತ್ತು ಉದ್ಯಮ: ತೈವಾನಿನ ಅನುಭವ

ಭೂಸುಧಾರಣೆಯು ಕೃಷಿಕರಿಗಷ್ಟೇ ಸಂಬಂಧಿಸಿದ ವಿಷಯವೆಂಬ ಭಾವನೆ ವಾಣಿಜ್ಯ ವಲಯದಲ್ಲಿದೆ. ತೈವಾನಿನ ಅನುಭವ ಬೇರೆ. 1953ರಲ್ಲಿ ಅಲ್ಲಿನ ಸರ್ಕಾರವು ಗೇಣಿದಾರರಿಗೆ ಭೂಮಿ ಹಂಚಿದಾಗ, ಮಾಲೀಕರ ಪರಿಹಾರದ ಶೇ. 70 ಭಾಗವನ್ನು ಗದ್ದೆಗೆ ಅಕ್ಕಿ, ಬೆದ್ದಲಿಗೆ ಗೆಣಸಿನ ಲೆಕ್ಕದ ಬಾಂಡುಗಳಲ್ಲಿ ನೀಡಿತು, ಉಳಿದ ಶೇ. 30ಕ್ಕೆ ಸಿಮೆಂಟ್, ಕಾಗದ ಮುಂತಾದ ನಾಲ್ಕು ಸರ್ಕಾರಿ ಉದ್ದಿಮೆಗಳ ಷೇರುಗಳನ್ನು ಕೊಟ್ಟಿತು. ಭೂಮಿಯಲ್ಲಿದ್ದ ಬಂಡವಾಳ ಹೀಗೆ ಕೈಗಾರಿಕೆಯತ್ತ ಹರಿಯಿತು. ಷೇರುಗಳನ್ನು ಅಗ್ಗಕ್ಕೆ ಮಾರಿ ಕೈಸುಟ್ಟುಕೊಂಡ ಸಣ್ಣ ಮಾಲೀಕರೂ ಉಂಟೆನ್ನಿ.

ಆದರೆ ಮುಂದೆ ಕೃಷಿಭೂಮಿಯಲ್ಲೇ ಪರವಾನಗಿಯಿಲ್ಲದ ಕಾರ್ಖಾನೆಗಳು ತಲೆಯೆತ್ತಿದವು. 1980ರ ದಶಕದಲ್ಲಿ ತಾವ್‌ಯುವಾನ್ ಪ್ರದೇಶದ ಅಕ್ಕಿಯಲ್ಲಿ ಕಾರ್ಖಾನೆ ತ್ಯಾಜ್ಯದ ಕ್ಯಾಡ್ಮಿಯಂ ಪತ್ತೆಯಾಯಿತು. 2019ರ ಕಾನೂನು ತಿದ್ದುಪಡಿಯು ಹಳೆಯ, ಕಡಿಮೆ ಮಾಲಿನ್ಯದ ಘಟಕಗಳಿಗೆ ಸಕ್ರಮಗೊಳ್ಳಲು ಕಾಲಾವಕಾಶ ನೀಡಿತು. ಅದು ನ್ಯಾಯವೇ. ಹೊಸ ಘಟಕಗಳಿಗೂ ಇದೇ ರಿಯಾಯಿತಿ ದೊರೆತರೆ ಮಾತ್ರ, ಕೈಗಾರಿಕಾ ನಿವೇಶನಕ್ಕೆ ಪೂರ್ಣ ಬೆಲೆ ತೆತ್ತು ನಿಯಮ ಪಾಲಿಸಿದ ಉದ್ಯಮಿಯೇ ನಷ್ಟಕ್ಕೊಳಗಾಗುವನು.