ಗಿರಕಿ ಹೊಡೆಯುವ ಹ್ಯಾಮ್‌ಸ್ಟರ್ ಮತ್ತು ಅದರ ಒಳಕಿವಿ

ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದಾದ ಡ್ವಾರ್ಫ್ ಹ್ಯಾಮ್‌ಸ್ಟರ್ ನಿಂತಲ್ಲೇ ಗಿರಗಿರನೆ ಸುತ್ತುವ ವಿಡಿಯೊಗಳಿಗೆ ಕುಣಿತದ ಹಾಡೊಂದನ್ನು ಅಂಟಿಸುವುದು ರೂಢಿಯಾಗಿದೆ. ನೋಡಿದವರು ನಗುತ್ತಾರೆ, ನಾಲ್ಕು ಜನಕ್ಕೆ ಕಳಿಸುತ್ತಾರೆ, ಅಂಥದ್ದೇ ಒಂದು ಮರಿ ಸಿಗುತ್ತದೆಯೇ ಎಂದು ಅಂಗಡಿಯಲ್ಲಿ ವಿಚಾರಿಸುವವರೂ ಇದ್ದಾರು. ಆ ಗಿರಕಿ ಸಂಭ್ರಮವಲ್ಲ, ರೋಗಲಕ್ಷಣ. ಅದರಲ್ಲಿ ಒಂದು ಪಾಲು ಮನುಷ್ಯರು ಮಾಡಿಸುವ ತಳಿ ಸಂಯೋಗದಿಂದಲೇ ಬರುತ್ತದೆ. ಆ ಪಾಲನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ.

ಇದನ್ನು ಅರಿಯಲು ಇಲಿಗಳ ಇತಿಹಾಸ ನೆರವಾಗುತ್ತದೆ. ಚೀನಾ, ಜಪಾನುಗಳಲ್ಲಿ ‘ಕುಣಿಯುವ ಇಲಿ’ಗಳನ್ನು ಶೋಕಿಗಾಗಿ ಬಹುಕಾಲದಿಂದ ಸಾಕುತ್ತಿದ್ದರು. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಯರ್ಕೀಸ್ ಅವುಗಳನ್ನು ಪರೀಕ್ಷಿಸಿ 1907ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಬೆಳೆದ ಇಲಿಗಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಕಾರಣ ಸಿಕ್ಕಿದ್ದು ಎಷ್ಟೋ ದಶಕಗಳ ನಂತರ, ಸಿಡಿಎಚ್23 ಎಂಬ ಜೀನಿನಲ್ಲಿ. ಒಳಕಿವಿಯ ಸಂವೇದಕ ಕೋಶಗಳ ತಲೆಯ ಮೇಲಿರುವ ಸೂಕ್ಷ್ಮ ರೋಮಗಳನ್ನು ಒಂದಕ್ಕೊಂದು ಬಿಗಿದಿಡುವ ಪ್ರೋಟೀನು ಈ ಜೀನಿನಿಂದ ತಯಾರಾಗುತ್ತದೆ. ಅದು ಕೆಟ್ಟರೆ ಕೇಳುವ ಶಕ್ತಿಯೂ ದೇಹದ ಸಮತೋಲವೂ ಒಟ್ಟಿಗೇ ಹೋಗುತ್ತವೆ. ಇದೇ ಜೀನಿನ ದೋಷ ಮನುಷ್ಯರಲ್ಲಿ ಹುಟ್ಟುಗಿವುಡನ್ನೂ ಕ್ರಮೇಣ ದೃಷ್ಟಿನಾಶವನ್ನೂ ತರುವ ಅಶರ್ ಸಿಂಡ್ರೋಮ್‌ನ ಒಂದು ಬಗೆಗೆ ಕಾರಣ. ಮಗುವಿನಲ್ಲಿ ಕಂಡರೆ ಯಾರೂ ಅದಕ್ಕೆ ಹಾಡು ಹಾಕುವುದಿಲ್ಲ. ಡ್ವಾರ್ಫ್ ಹ್ಯಾಮ್‌ಸ್ಟರ್‌ಗಳಲ್ಲೂ ಗಿರಕಿಯ ಮರಿಗಳು ಕೆಲವು ವಂಶಗಳಲ್ಲೇ ಮತ್ತೆಮತ್ತೆ ಹುಟ್ಟುವುದನ್ನು ಪಳಗಿದ ತಳಿಗಾರರು ಬಲ್ಲರು.

ಹಾಗೆಂದು ಎಲ್ಲ ಗಿರಕಿಗೂ ವಂಶವನ್ನೇ ದೂರುವಂತಿಲ್ಲ. ನಿನ್ನೆಯವರೆಗೆ ಸರಿಯಿದ್ದ ಪ್ರಾಣಿ ಇಂದು ಕತ್ತನ್ನು ಒಂದೇ ಕಡೆಗೆ ವಾಲಿಸಿಕೊಂಡು ಸುತ್ತತೊಡಗಿದರೆ ಮೊದಲು ಶಂಕಿಸಬೇಕಾದ್ದು ಕಿವಿಯ ಸೋಂಕನ್ನು. ಬೇಗ ಪಶುವೈದ್ಯರಿಗೆ ತೋರಿಸಿದರೆ ಔಷಧದಿಂದ ಗುಣವಾಗುವ ಸಾಧ್ಯತೆಯಿದೆ. ಮುದಿ ಪ್ರಾಣಿಯಲ್ಲಾದರೆ ಮಿದುಳಿನ ಆಘಾತವೂ ಇರಬಹುದು. ಇನ್ನು ಇಕ್ಕಟ್ಟಾದ, ಅಗೆಯಲು ಏನೂ ಇಲ್ಲದ ಗೂಡು. ಸ್ವಿಟ್ಜರ್ಲೆಂಡಿನ ಸಂಶೋಧಕರು ಗೋಲ್ಡನ್ ಹ್ಯಾಮ್‌ಸ್ಟರ್‌ಗಳನ್ನು 10, 40 ಮತ್ತು 80 ಸೆಂಟಿಮೀಟರ್ ಆಳದ ಮರದ ಹೊಟ್ಟಿನಲ್ಲಿ ಇಟ್ಟು ನೋಡಿದಾಗ, ತೆಳುವಾದ ಹಾಸಿನಲ್ಲಿದ್ದವು ಗೂಡಿನ ಕಂಬಿಯನ್ನು ಹೆಚ್ಚು ಕಚ್ಚುತ್ತಿದ್ದವು. ನಮ್ಮಲ್ಲಿ ಮಾರುವ ಬಣ್ಣಬಣ್ಣದ ಪುಟ್ಟ ಪಂಜರಗಳಲ್ಲಿ 10 ಸೆಂಟಿಮೀಟರ್ ಹೊಟ್ಟು ತುಂಬುವುದೂ ಕಷ್ಟ. ಬೇಸರದಿಂದ ಗೂಡಿನ ಅಂಚನ್ನೇ ಸುತ್ತುವ ಪ್ರಾಣಿಗೆ ಜಾಗ ಕೊಟ್ಟರೆ ಸುಧಾರಿಸೀತು. ಎಳೆಯದರಿಂದಲೇ ನಿಂತ ಜಾಗದಲ್ಲಿ ಬುಗುರಿಯಂತೆ ತಿರುಗುವ ಮರಿಗೆ ಅರಮನೆ ಕಟ್ಟಿಸಿದರೂ ಒಳಕಿವಿ ಬದಲಾಗದು.

ಚಕ್ರದಲ್ಲಿ ಓಡುವುದೂ ಸುತ್ತುವುದೇ ಅಲ್ಲವೇ, ಅದೂ ರೋಗವೇ ಎಂದು ಕೇಳಬಹುದು. ಅಲ್ಲ. ನೆದರ್ಲೆಂಡ್ಸಿನಲ್ಲಿ ಬಯಲಿನಲ್ಲಿ ಚಕ್ರವಿಟ್ಟು ಕಾದ ಸಂಶೋಧಕರು 2014ರಲ್ಲಿ ಪ್ರಕಟಿಸಿದಂತೆ, ಕಾಡಿನ ಇಲಿಗಳು ತಾವಾಗಿಯೇ ಹತ್ತಿ ಓಡಿದವು, ಇಳಿದು ಹೋದವು, ಮತ್ತೆ ಬಂದವು. ಗಿರಕಿಯ ಹ್ಯಾಮ್‌ಸ್ಟರ್‌ಗೆ ಇಳಿದು ಹೋಗುವ ಆಯ್ಕೆಯೇ ಇಲ್ಲ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಇಂಥ ಪ್ರಾಣಿಗಳು ತಿನ್ನುತ್ತವೆ, ಮಲಗುತ್ತವೆ, ಹಲವು ಪೂರ್ಣ ಆಯುಸ್ಸನ್ನೂ ಮುಗಿಸುತ್ತವೆ, ನರಳುವಂತೆ ಕಾಣುವುದಿಲ್ಲ. ಒಪ್ಪೋಣ. ಅದಕ್ಕೇ ಅವುಗಳನ್ನು ಕೊಲ್ಲಬೇಕೆಂದು ನಾನು ಹೇಳುತ್ತಿಲ್ಲ. ಮಹಡಿಗಳಿಲ್ಲದ ಸಮತಟ್ಟು ಗೂಡು, ಸುಲಭವಾಗಿ ಎಟಕುವ ನೀರು, ತೂಕದ ಮೇಲೊಂದು ಕಣ್ಣು, ಸದ್ದಿಲ್ಲದ ಮೂಲೆ ಸಿಕ್ಕರೆ ಅವು ಬಾಳುತ್ತವೆ. ಬೆದರಿದಾಗ ಗಿರಕಿ ಹೆಚ್ಚುವುದರಿಂದ ವಿಡಿಯೊಗಾಗಿ ಕೆಣಕುವುದಂತೂ ಸಲ್ಲದು. ಆದರೆ ಈ ವಾದ ಹುಟ್ಟಿದ ಪ್ರಾಣಿಯನ್ನು ಸಾಕುವುದಕ್ಕೆ ಸಮರ್ಥನೆಯಾದೀತೇ ಹೊರತು ಇನ್ನಷ್ಟನ್ನು ಹುಟ್ಟಿಸುವುದಕ್ಕಲ್ಲ.

ತಳಿಗಾರರ ಮಾಮೂಲಿ ಉತ್ತರ, ಗಿರಕಿ ಹೊಡೆಯುವುದನ್ನು ನಾವು ಜೋಡಿಗೆ ಬಿಡುವುದೇ ಇಲ್ಲ ಎಂಬುದು. ಇಷ್ಟು ಸಾಲದು. ಕುಣಿಯುವ ಇಲಿಯಲ್ಲಿದ್ದಂತೆ ದೋಷ ಸುಪ್ತವಾಗಿ ಸಾಗುವ ಬಗೆಯದಾದರೆ, ತಂದೆತಾಯಿ ಇಬ್ಬರೂ ನೋಡಲು ನೆಟ್ಟಗಿದ್ದೇ ಅದನ್ನು ಹೊತ್ತಿರುತ್ತಾರೆ. ಆ ಸೂಲಿನಲ್ಲಿ ಸರಿಯಾಗಿ ಕಾಣುವ ಪ್ರತಿ ಮೂರು ಮರಿಗಳಲ್ಲಿ ಸರಾಸರಿ ಎರಡು ಅದನ್ನು ಒಯ್ಯುತ್ತವೆ. ಹೀಗಾಗಿ ಒಂದು ಮರಿ ಗಿರಕಿ ಹೊಡೆದರೂ ಆ ಜೋಡಿಯನ್ನೂ ಒಡಹುಟ್ಟುಗಳನ್ನೂ ತಳಿಯಿಂದ ಹೊರಗಿಡಬೇಕು. ವ್ಯಾಪಾರದ ಲೆಕ್ಕ ಇದಕ್ಕೆ ಒಗ್ಗುವುದಿಲ್ಲ. ವೈದ್ಯರ ಶುಲ್ಕವೇ ಪ್ರಾಣಿಯ ಬೆಲೆಯನ್ನು ಮೀರುವಾಗ ಮಾರುವವರು ಮರಿ ಬದಲಿಸಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಕೇಂದ್ರ ಸರ್ಕಾರದ 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ಹ್ಯಾಮ್‌ಸ್ಟರ್ ಅನ್ನು ಹೆಸರಿಸಿಯೇ ಸೇರಿಸಿಕೊಂಡಿವೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಅಂಗಡಿಯ ನೋಂದಣಿ ಕಡ್ಡಾಯ. ತಳಿ ಸಾಕಣೆಗೆಂದೇ 2017ರಲ್ಲಿ ಬಂದ ನಿಯಮಗಳು ಮಾತ್ರ ನಾಯಿಗಳಿಗಷ್ಟೇ ಅನ್ವಯಿಸುತ್ತವೆ. ಹ್ಯಾಮ್‌ಸ್ಟರ್‌ಗೂ ಕನಿಷ್ಠ ತಂದೆತಾಯಿಯ ದಾಖಲೆ ಇಡಬೇಕೆಂದು ಮಂಡಳಿ ಕೇಳಬಹುದು. ಅಲ್ಲಿಯವರೆಗೆ ಕೊಳ್ಳುವವರೇ ಅಂಗಡಿಯವರನ್ನು ಕೇಳಲಿ: ಈ ಮರಿಯ ತಾಯಿ ಯಾವುದು, ಅದರ ಸೂಲಿನ ಉಳಿದ ಮರಿಗಳು ಹೇಗಿವೆ?