ಸ್ಪರ್ಧಿಸುವ ಹಕ್ಕಿದೆ, ರಜೆ ಇಲ್ಲ: ಸಿಂಗಸಂದ್ರದ ಕಾರ್ಮಿಕ ಮತದಾರರ ಮನವಿ ಪತ್ರ

ಗೆ,
ಮಾನ್ಯ ಮುಖ್ಯ ಚುನಾವಣಾಧಿಕಾರಿಗಳು, ಕರ್ನಾಟಕ
ನಿರ್ವಾಚನ ನಿಲಯ, ಶೇಷಾದ್ರಿ ರಸ್ತೆ, ಬೆಂಗಳೂರು

ಇಂದ,
ಸಿಂಗಸಂದ್ರ ಮತ್ತು ಸುತ್ತಮುತ್ತಲ ಬಡಾವಣೆಗಳ ಕಾರ್ಮಿಕ ಮತದಾರರು
176 – ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರ

ವಿಷಯ: ದುಡಿಯುವ ವರ್ಗದಿಂದ ಮೊದಲ ಬಾರಿಗೆ ವಿಧಾನಸಭೆಗೆ ಸ್ಪರ್ಧಿಸುವವರಿಗೆ ಇರುವ ಅಡ್ಡಿಗಳನ್ನು 2028ರ ಚುನಾವಣೆಗೆ ಮುಂಚಿತವಾಗಿ ನಿವಾರಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾವು ಹೊಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ, ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳ ಹೌಸ್‌ಕೀಪಿಂಗ್, ಸೆಕ್ಯುರಿಟಿ, ಕ್ಯಾಂಟೀನ್‌ಗಳಲ್ಲಿ ದುಡಿಯುವವರು. ಆಟೊ, ಕ್ಯಾಬ್ ಓಡಿಸುವವರೂ ಬೈಕಿನಲ್ಲಿ ಊಟ ತಲುಪಿಸುವವರೂ ನಮ್ಮ ಜೊತೆಗಿದ್ದಾರೆ. ಮುಂದಿನ ವಿಧಾನಸಭಾ ಚುನಾವಣೆಗೆ ನಮ್ಮಲ್ಲೊಬ್ಬರನ್ನು ನಿಲ್ಲಿಸಬೇಕೆಂಬ ಮಾತು ನಮ್ಮ ನಡುವೆ ನಡೆದಿದೆ. ಅವರು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಯಾವ ಪಕ್ಷದ ಪದಾಧಿಕಾರಿಯೂ ಅಲ್ಲ, ಇದುವರೆಗೆ ಯಾವ ಚುನಾವಣೆಗೂ ನಿಂತವರಲ್ಲ. ಅವರ ಹೆಸರನ್ನು ಈ ಪತ್ರದಲ್ಲಿ ಬರೆದಿಲ್ಲ. ಬರೆದರೆ ನಾಮಪತ್ರ ಸಲ್ಲಿಸುವ ಮೊದಲೇ ಅವರ ಕೆಲಸ ಹೋಗುತ್ತದೆಂಬ ಭಯ ನಮಗಿದೆ. ಆ ಭಯವೇ ಈ ಮನವಿಗೆ ಕಾರಣ.

ಕಾನೂನಿನಲ್ಲಿ ಅವರಿಗೆ ಯಾವ ಅಡ್ಡಿಯೂ ಇಲ್ಲ. 25 ವರ್ಷ ದಾಟಿದ್ದಾರೆ, ಮತದಾರರ ಪಟ್ಟಿಯಲ್ಲಿ ಹೆಸರಿದೆ. ಆದರೂ 2023ರಲ್ಲಿ ಆಯ್ಕೆಯಾದ ವಿಧಾನಸಭೆಯನ್ನು ನೋಡಿ. ಪ್ರಜಾಸತ್ತಾತ್ಮಕ ಸುಧಾರಣೆಗಳ ಸಂಘ (ಎಡಿಆರ್) ಪರಿಶೀಲಿಸಿದ 223 ಶಾಸಕರ ಪ್ರಮಾಣಪತ್ರಗಳ ಪ್ರಕಾರ 217 ಮಂದಿ ಕೋಟ್ಯಧಿಪತಿಗಳು. ಸರಾಸರಿ ಆಸ್ತಿ 64 ಕೋಟಿ ರೂಪಾಯಿಗೂ ಹೆಚ್ಚು. 224 ಸ್ಥಾನಗಳಲ್ಲಿ ಮಹಿಳೆಯರು ಗೆದ್ದದ್ದು ಹತ್ತರಲ್ಲಿ. ಸಿರಿವಂತರು ಸ್ಪರ್ಧಿಸಬಾರದೆಂದು ನಾವು ಹೇಳುತ್ತಿಲ್ಲ. ಉಳಿದವರು ಏಕೆ ಅಲ್ಲಿಗೆ ತಲುಪುತ್ತಿಲ್ಲ ಎಂಬುದನ್ನು ನಮಗೆ ತಿಳಿದಷ್ಟು ತಮ್ಮ ಗಮನಕ್ಕೆ ತರುತ್ತಿದ್ದೇವೆ.

ಎಲ್ಲರೂ ಮೊದಲು ಹಣದ ಮಾತೆತ್ತುತ್ತಾರೆ. ಠೇವಣಿ ಹತ್ತು ಸಾವಿರ ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಐದು ಸಾವಿರ. ನಮ್ಮಲ್ಲಿ ಅನೇಕರಿಗೆ ಅದು ತಿಂಗಳ ಕೈಸಂಬಳದ ಬಹುಪಾಲು, ನಿಜ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೀಳದಿದ್ದರೆ ಅದೂ ಹೋಯಿತು. ನಮ್ಮದು ರಾಜ್ಯದಲ್ಲೇ ಅತಿ ಹೆಚ್ಚು ಮತದಾರರಿರುವ ಕ್ಷೇತ್ರಗಳ ಸಾಲಿನದು. ಮೂರು ಲಕ್ಷ ಮತ ಬಿದ್ದರೆ ಠೇವಣಿ ಉಳಿಸಿಕೊಳ್ಳಲು ಐವತ್ತು ಸಾವಿರಕ್ಕೂ ಹೆಚ್ಚು ಬೇಕು. ಆದರೂ ಠೇವಣಿ ಇಳಿಸಿ ಎಂದು ನಾವು ಕೇಳುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಯಾದಗಿರಿಯ ಪಕ್ಷೇತರ ಅಭ್ಯರ್ಥಿಯೊಬ್ಬರು ಜನರಿಂದ ಕೂಡಿಸಿದ ಒಂದೊಂದು ರೂಪಾಯಿಯ ನಾಣ್ಯಗಳಲ್ಲೇ ಹತ್ತು ಸಾವಿರ ಕಟ್ಟಿದರು, ಅಧಿಕಾರಿಗಳು ಎಣಿಸಿಕೊಂಡರು. ಎರಡು ಪಾಳಿಯ ಗೇಟಿನಲ್ಲಿ ಡಬ್ಬ ಹಿಡಿದು ನಿಂತರೆ ಅಷ್ಟು ನಮಗೂ ಹುಟ್ಟುತ್ತದೆ. ವೆಚ್ಚದ ಮಿತಿ 40 ಲಕ್ಷ ಎಂಬುದಂತೂ ನಮಗೆ ಸಂಬಂಧವೇ ಇಲ್ಲದ ಅಂಕಿ. ಅಭ್ಯರ್ಥಿಗೆ ಮಿತಿ ಹಾಕಿ ಪಕ್ಷದ ಖರ್ಚಿಗೆ ಮಿತಿಯಿಡದ ನಿಯಮದಿಂದ ಬಡವರಿಗೆ ಏನು ಲಾಭವೋ ತಿಳಿಯದು. ಆ ಚರ್ಚೆ ಸಂಸತ್ತಿನದು.

ನಮ್ಮಲ್ಲಿ ಇಲ್ಲದಿರುವುದು ಸಮಯ. 2023ರ ವೇಳಾಪಟ್ಟಿಯನ್ನೇ ತೆಗೆದುಕೊಳ್ಳಿ. ಏಪ್ರಿಲ್ 13ಕ್ಕೆ ಅಧಿಸೂಚನೆ, 20 ನಾಮಪತ್ರಕ್ಕೆ ಕೊನೆ ದಿನ, 21ಕ್ಕೆ ಪರಿಶೀಲನೆ, 24 ಹಿಂಪಡೆಯಲು ಕೊನೆ ದಿನ, ಮೇ 10ಕ್ಕೆ ಮತದಾನ, 13ಕ್ಕೆ ಎಣಿಕೆ. ನಾಮಪತ್ರ ಸ್ವೀಕರಿಸುವುದು ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ, ರಜಾದಿನ ಬಿಟ್ಟು. ಅಂದರೆ ಮೊದಲ ಪಾಳಿಯವರು ಮಷಿನ್ ಮುಂದೆ ಕೂತಿರುವ ಹೊತ್ತು. ಸೂಚಕರೇ ನಾಮಪತ್ರ ಸಲ್ಲಿಸಬಹುದು ಎಂದು ಕಾಯ್ದೆ ಹೇಳುತ್ತದೆ. ನಮ್ಮ ಸೂಚಕರೂ ಅದೇ ಪಾಳಿಯವರು. ನಾಮಪತ್ರಕ್ಕೆ ಮೊದಲು ಚುನಾವಣಾ ವೆಚ್ಚಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು, ನಮೂನೆ 26ರ ಪ್ರಮಾಣಪತ್ರಕ್ಕೆ ನೋಟರಿ ಮುಂದೆ ಸಹಿ ಹಾಕಬೇಕು, ಪ್ರತಿಜ್ಞೆಯನ್ನು ಅಭ್ಯರ್ಥಿಯೇ ಖುದ್ದಾಗಿ ಸ್ವೀಕರಿಸಬೇಕು. ಪರಿಶೀಲನೆಯ ದಿನ ಆಕ್ಷೇಪ ಬಂದರೆ ಉತ್ತರ ಕೊಡಲು ಅಲ್ಲಿರಬೇಕು. ಪ್ರಚಾರದ ನಡುವೆ ಮೂರು ಸಲ ವೆಚ್ಚದ ರಿಜಿಸ್ಟರ್ ತಪಾಸಣೆ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಸಕಾರಣವಿಲ್ಲದೆ ತಪ್ಪಿದರೆ ಮೂರು ವರ್ಷ ಅನರ್ಹತೆ. ಈ ನಿಯಮಗಳು ಬೇಕಾದವೇ. ಆದರೆ ಇವಕ್ಕೆಲ್ಲ ಓಡಾಡಲು ಹಣವಂತ ಅಭ್ಯರ್ಥಿಗೆ ವಕೀಲರು, ಲೆಕ್ಕಿಗರು, ಹುಡುಗರು ಇರುತ್ತಾರೆ. ಟೈಲರ್‌ಗೆ ಇರುವುದು ತಿಂಗಳಿಗೆ ಎಣಿಸಿದಷ್ಟು ರಜೆ. ಹೇಳದೆ ನಾಲ್ಕು ದಿನ ತಪ್ಪಿಸಿದರೆ ಆ ಜಾಗದಲ್ಲಿ ಬೇರೆಯವರು ಕೂತಿರುತ್ತಾರೆ.

ಪಕ್ಷೇತರರಿಗೆ ಇನ್ನೊಂದು ತೊಂದರೆ. ದೊಡ್ಡ ಪಕ್ಷದವರ ಚಿಹ್ನೆ ಗೋಡೆಗಳ ಮೇಲೆ ವರ್ಷಗಳಿಂದ ಇದೆ. ಪಕ್ಷೇತರರಿಗೆ ಚಿಹ್ನೆ ಸಿಗುವುದು ಹಿಂಪಡೆಯುವ ಅವಧಿ ಮುಗಿದ ಮೇಲೆ. 2023ರಲ್ಲಿ ಅದು ಏಪ್ರಿಲ್ 24. ಬಹಿರಂಗ ಪ್ರಚಾರ ಮೇ 8ರ ಸಂಜೆಗೆ ಮುಗಿಯಿತು. ಆ ಎರಡು ವಾರದಲ್ಲಿ ಅಭ್ಯರ್ಥಿ ಎಂಟು ಗಂಟೆ ಕಾರ್ಖಾನೆಯಲ್ಲಿದ್ದರೆ ಚಿಹ್ನೆಯನ್ನು ಮನೆಮನೆಗೆ ಒಯ್ಯುವವರು ಯಾರು?

ಆದ್ದರಿಂದ ನಮ್ಮ ಮೊದಲ ಮತ್ತು ಮುಖ್ಯ ಬೇಡಿಕೆ ಅಭ್ಯರ್ಥಿ ರಜೆ. ಪ್ರಜಾಪ್ರಾತಿನಿಧ್ಯ ಕಾಯ್ದೆ, 1951ರ 135ಬಿ ಕಲಂ ಮತ ಹಾಕುವವರಿಗೆ ಒಂದು ದಿನದ ವೇತನ ಸಹಿತ ರಜೆ ಕೊಡುತ್ತದೆ. ಸ್ಪರ್ಧಿಸುವವರಿಗೆ ಒಂದು ಗಂಟೆಯನ್ನೂ ಕೊಡುವುದಿಲ್ಲ. ಫ್ರಾನ್ಸಿನ ಕಾರ್ಮಿಕ ಸಂಹಿತೆಯಲ್ಲಿ ಸಂಸತ್ತಿಗೆ ಸ್ಪರ್ಧಿಸುವ ನೌಕರರಿಗೆ 20 ಕೆಲಸದ ದಿನಗಳವರೆಗೆ ಬಿಡುವು ಕೊಡಬೇಕೆಂದಿದೆ. ಕೆನಡಾದ ಚುನಾವಣಾ ಕಾಯ್ದೆ ಅಭ್ಯರ್ಥಿಯಾದ ನೌಕರರಿಗೆ ರಜೆ ಕೊಡುವ ಹೊಣೆಯನ್ನು ಅಲ್ಲಿನ ಕೇಂದ್ರ ಕಾರ್ಮಿಕ ಕಾನೂನಿನ ವ್ಯಾಪ್ತಿಗೆ ಬರುವ ಮಾಲೀಕರ ಮೇಲೆ ಹೊರಿಸಿದೆ. ನಾವು ಸಂಬಳ ಕೇಳುತ್ತಿಲ್ಲ. ನಾಮಪತ್ರ ಸಲ್ಲಿಸಿದ ದಿನದಿಂದ ಎಣಿಕೆಯ ಮರುದಿನದವರೆಗೆ ಸಂಬಳವಿಲ್ಲದ ರಜೆ, ಆಮೇಲೆ ಅದೇ ಕೆಲಸ, ಅದೇ ಸೇವಾ ಅವಧಿ, ಪಿಎಫ್ ಮತ್ತು ಇಎಸ್ಐ ಖಾತೆ ಮುಂದುವರಿಯುವುದು, ಇಷ್ಟೇ. ಕಾಂಟ್ರಾಕ್ಟ್ ಕಾರ್ಮಿಕರ ವಿಷಯದಲ್ಲಿ ಈ ಹೊಣೆ ಗುತ್ತಿಗೆದಾರರ ಜೊತೆಗೆ ಮೂಲ ಮಾಲೀಕರ ಮೇಲೂ ಇರಬೇಕು. ಇಲ್ಲದಿದ್ದರೆ ಕಂಪನಿ ಗುತ್ತಿಗೆದಾರರನ್ನು ತೋರಿಸುತ್ತದೆ, ಗುತ್ತಿಗೆದಾರರು ಫೋನ್ ಎತ್ತುವುದಿಲ್ಲ. ಕಾಯ್ದೆ ಮಾಡುವುದು ತಮ್ಮ ಅಧಿಕಾರವಲ್ಲ ಎಂದು ನಾವು ಬಲ್ಲೆವು. ಆದರೆ ಸ್ಥಾಯಿ ಆದೇಶಗಳಲ್ಲಿ ಇದನ್ನು ಸೇರಿಸುವಂತೆ ಕಾರ್ಮಿಕ ಇಲಾಖೆಗೆ ಪತ್ರ ಬರೆಯಲು, ಚುನಾವಣಾ ಆಯೋಗದ ಮೂಲಕ ಕೇಂದ್ರಕ್ಕೆ ಶಿಫಾರಸು ಕಳುಹಿಸಲು ತಮಗೆ ಯಾವ ಅಡ್ಡಿಯೂ ಇಲ್ಲ.

ಇನ್ನು ಸೂಚಕರು ಮತ್ತು ಮತದಾರರ ಪಟ್ಟಿಯ ಸಂಗತಿ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು; ಪಕ್ಷೇತರರಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಬೇಕು. ಹತ್ತು ಜನ ಸಿಗುವುದಿಲ್ಲವೇ ಎಂದು ಕೇಳಬಹುದು. ಹೊಲಿಗೆಯ ಒಂದು ಲೈನಿನಲ್ಲಿ ಅಕ್ಕಪಕ್ಕ ಕೂತವರನ್ನು ಕೇಳಿದರೆ ಒಬ್ಬರ ಓಟು ರಾಯಚೂರು ಜಿಲ್ಲೆಯಲ್ಲಿ, ಇನ್ನೊಬ್ಬರದು ಕಲಬುರಗಿಯಲ್ಲಿ, ಮತ್ತೊಬ್ಬರದು ಗಡಿಯಾಚೆ ಹೊಸೂರಿನಲ್ಲಿ. ಇಲ್ಲೇ ಹುಟ್ಟಿ ಬೆಳೆದವರೂ ಬಾಡಿಗೆ ಏರಿದಾಗಲೆಲ್ಲ ಮನೆ ಬದಲಿಸುತ್ತಾರೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಓಡಲು ಶುರುವಾಗಿ ಸಿಂಗಸಂದ್ರಕ್ಕೊಂದು ನಿಲ್ದಾಣ ಬಂದ ಮೇಲೆ ಈ ಅಲೆದಾಟ ಹೆಚ್ಚಿದೆ. ಒಂದೆರಡು ಕಿಲೋಮೀಟರ್ ಆಚೆ ಹೋದರೆ ಕೆಲವೊಮ್ಮೆ ಕ್ಷೇತ್ರವೇ ಬೇರೆ, ಬೊಮ್ಮನಹಳ್ಳಿಯೋ ಆನೇಕಲ್ಲೋ.

ಇದಕ್ಕೆ ಹೋಲಿಸಿ ನೋಡಿ: ಕೋಲಾರದ ಚಿನ್ನದ ಗಣಿಯ ಕಾರ್ಮಿಕರು ಒಂದು ಕಾಲಕ್ಕೆ ತಮ್ಮವರನ್ನು ವಿಧಾನಸಭೆಗೆ ಕಳುಹಿಸುತ್ತಿದ್ದರು. 1985ರಲ್ಲಿ ಕೆಜಿಎಫ್‌ನಿಂದ ಸಿಪಿಎಂನ ಟಿ.ಎಸ್. ಮಣಿ ಗೆದ್ದರು, 1994 ಮತ್ತು 2004ರಲ್ಲಿ ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್. ಅವರಿಗೆ ಒಗ್ಗಟ್ಟಿತ್ತು ಎನ್ನುತ್ತಾರೆ. ಒಗ್ಗಟ್ಟು ನಮ್ಮಲ್ಲೂ ಇದೆ. 2016ರ ಏಪ್ರಿಲ್ 18 ಮತ್ತು 19ರಂದು ಪಿಎಫ್ ಹಿಂಪಡೆಯುವ ನಿಯಮ ಬಿಗಿಗೊಳಿಸಿದ್ದರ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಇದೇ ಹೊಸೂರು ರಸ್ತೆಗಿಳಿದಾಗ ಕೇಂದ್ರ ಸರ್ಕಾರ ಎರಡನೇ ದಿನವೇ ಆ ಅಧಿಸೂಚನೆಯನ್ನು ವಾಪಸ್ ಪಡೆಯಿತು. ದೆಹಲಿಯ ಆದೇಶ ಬದಲಿಸಬಲ್ಲವರು ಒಂದು ವಿಧಾನಸಭಾ ಕ್ಷೇತ್ರದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಏಕೆಂದರೆ ಗಣಿಯವರ ಮನೆ, ಕೆಲಸ, ಓಟು ಮೂರೂ ಒಂದೇ ಊರಿನಲ್ಲಿದ್ದವು. ನಮ್ಮಲ್ಲಿ ಅನೇಕರ ಕೆಲಸ ಒಂದು ಕ್ಷೇತ್ರದಲ್ಲಿ, ಮಲಗುವುದು ಇನ್ನೊಂದರಲ್ಲಿ, ಓಟು ಮೂರನೆಯದರಲ್ಲಿ. ಮತದಾನದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಊರಿನ ಬಸ್ ಹತ್ತಲು ನೂಕಾಡುವವರನ್ನು ನೋಡಿದವರು ಬೆಂಗಳೂರಿಗರು ಉದಾಸೀನರು ಎಂದು ಹೇಳಲಾರರು. ದೂರದಿಂದಲೇ ಮತ ಹಾಕುವ ಯಂತ್ರದ ಮಾದರಿಯನ್ನು ಆಯೋಗ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತ್ತು. 2023ರ ಮೇನಲ್ಲೂ ನಮ್ಮಲ್ಲಿ ಅನೇಕರು ಬಸ್ಸನ್ನೇ ಹತ್ತಿದರು.

ಇಲ್ಲೇ ನೆಲೆಸಿ ಇಲ್ಲೇ ಓಟು ಬೇಕೆನ್ನುವವರನ್ನು ಸೇರಿಸುವುದು ಪೂರ್ತಿ ತಮ್ಮ ಕೈಯಲ್ಲಿದೆ. ಹೊಸದಾಗಿ ಹೆಸರು ಸೇರಿಸುವ ನಮೂನೆ 6ಕ್ಕೂ ವಿಳಾಸ ಬದಲಾವಣೆಯ ನಮೂನೆ 8ಕ್ಕೂ ಬಾಡಿಗೆ ಕರಾರು ಕೇಳುತ್ತಾರೆ. ವಠಾರದ, ಶೆಡ್‌ನ, ಪಿಜಿಯ ಮಾಲೀಕರು ಕರಾರು ಬರೆದುಕೊಡುವುದಿಲ್ಲ. ವಿಳಾಸದ ದಾಖಲೆ ಇಲ್ಲದಿದ್ದರೆ ಸ್ಥಳಕ್ಕೆ ಬಂದು ಪರಿಶೀಲಿಸಬೇಕೆಂದು ಆಯೋಗದ ನಿಯಮವೇ ಹೇಳುತ್ತದೆ. ಮನೆಯಿಲ್ಲದವರ ವಿಷಯದಲ್ಲಿ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್ಒ) ರಾತ್ರಿ ಹೋಗಿ ನೋಡಬೇಕೆಂದೂ ಇದೆ. ನಮ್ಮ ಮನೆಗೆ ಅವರು ಬರುವುದು ಹಗಲು ಹನ್ನೊಂದಕ್ಕೆ. ಬಾಗಿಲಿಗೆ ಬೀಗ ಕಂಡು ‘ವಾಸವಿಲ್ಲ’ ಎಂದು ಬರೆದುಕೊಂಡು ಹೋಗುತ್ತಾರೆ. ಆದ್ದರಿಂದ ಪಟ್ಟಿ ಪರಿಷ್ಕರಣೆ ಯಾವಾಗ ನಡೆದರೂ ಈ ಭಾಗದ ಮನೆಭೇಟಿಯನ್ನು ಸಂಜೆ ಏಳರ ನಂತರ ಅಥವಾ ಭಾನುವಾರ ಮಾಡಿಸಬೇಕು, ಒಂದೇ ಭೇಟಿಯ ಬೀಗ ನೋಡಿ ಹೆಸರು ತೆಗೆಯಬಾರದು, ಕಾರ್ಖಾನೆ ಗೇಟುಗಳ ಬಳಿ ನೋಂದಣಿ ಶಿಬಿರ ನಡೆಸಬೇಕು. ಇದು ನಮ್ಮ ಎರಡನೇ ಬೇಡಿಕೆ.

ಮೂರನೆಯದಾಗಿ, ಮತದಾರರ ಪಟ್ಟಿಯ ಪ್ರತಿಯನ್ನು ಮಾನ್ಯತೆ ಪಡೆದ ಪಕ್ಷಗಳ ಅಭ್ಯರ್ಥಿಗಳಿಗೆ ಉಚಿತವಾಗಿ ಕೊಡಬೇಕೆಂದು ಕಾಯ್ದೆಯ 78ಎ ಕಲಂ ಹೇಳುತ್ತದೆ. ಉಳಿದವರಿಗೆ ಕೊಡಬಾರದೆಂದು ಎಲ್ಲೂ ಹೇಳಿಲ್ಲ. ಕಣದಲ್ಲಿರುವ ಪ್ರತಿಯೊಬ್ಬರಿಗೂ, ಹೆಸರು ಹುಡುಕಲು ಬರುವಂಥ ಕಡತದ ರೂಪದಲ್ಲಿ, ಉಚಿತವಾಗಿ ಕೊಡಿಸಿ.

ನಾಲ್ಕನೆಯದು ಪ್ರಕರಣಗಳ ಮಾತು. ಸುಪ್ರೀಂ ಕೋರ್ಟಿನ 2018ರ ತೀರ್ಪಿನಂತೆ, ಕ್ರಿಮಿನಲ್ ಪ್ರಕರಣವಿರುವ ಅಭ್ಯರ್ಥಿ ಅದನ್ನು ಪತ್ರಿಕೆ ಮತ್ತು ಟಿವಿಯಲ್ಲಿ ಮೂರು ಸಲ ಪ್ರಕಟಿಸಬೇಕು. ಒಳ್ಳೆಯ ನಿಯಮ. ಆದರೆ ಭೂಮಿ ಕಬಳಿಸಿದ ಪ್ರಕರಣಕ್ಕೂ, ಮುಷ್ಕರದ ದಿನ ರಸ್ತೆ ತಡೆದರೆಂದು ಹಾಕಿದ ಪ್ರಕರಣಕ್ಕೂ ಜಾಹೀರಾತಿನ ಖರ್ಚು ಒಂದೇ. ಹಣವಂತರಿಗೆ ಅದು ಚಿಲ್ಲರೆ; ಕಾರ್ಮಿಕ ಮುಖಂಡರಿಗೆ ಪ್ರಚಾರಕ್ಕೆಂದು ಕೂಡಿಸಿದ ಹಣವೆಲ್ಲ ಅದಕ್ಕೇ ಸರಿ. ಯಾವ ಪತ್ರಿಕೆ, ಯಾವ ಸ್ಥಳೀಯ ಕೇಬಲ್ ವಾಹಿನಿಯಲ್ಲಿ ಕನಿಷ್ಠ ಖರ್ಚಿನಲ್ಲಿ ಪ್ರಕಟಿಸಿದರೆ ಸಾಕೆಂದು ಪ್ರತಿ ಕ್ಷೇತ್ರಕ್ಕೂ ಲಿಖಿತ ಪಟ್ಟಿ ಕೊಡಬೇಕು. ಸರ್ಕಾರಿ ಜಾಹೀರಾತು ದರವನ್ನೇ ಇದಕ್ಕೂ ಅನ್ವಯಿಸಲು ಆಯೋಗಕ್ಕೆ ಬರೆಯಬೇಕು.

ಐದನೆಯದಾಗಿ, ಅಧಿಸೂಚನೆಗೆ ಮುಂಚಿನ ಒಂದು ತಿಂಗಳು, ಭಾನುವಾರಗಳಲ್ಲಿ ಮತ್ತು ಪಾಳಿ ಬಿಟ್ಟ ಮೇಲೆ, ನಾಮಪತ್ರ ತುಂಬುವುದು, ಪ್ರಮಾಣಪತ್ರ, ವೆಚ್ಚದ ಲೆಕ್ಕ ಇವುಗಳ ಬಗ್ಗೆ ಕನ್ನಡದಲ್ಲಿ ತಿಳಿಸಿಕೊಡುವ ಸಹಾಯ ಕೇಂದ್ರವೊಂದು ಸಿಂಗಸಂದ್ರದಲ್ಲಿ ಬೇಕು. ಆಯೋಗದ ‘ಸುವಿಧಾ’ ಪೋರ್ಟಲ್‌ನಲ್ಲಿ ವಿವರ ತುಂಬಬಹುದೆಂಬುದು ಗೊತ್ತಿದೆ. ಖಾಲಿ ಬಿಟ್ಟ ಒಂದು ಕಲಂನಿಂದ ನಾಮಪತ್ರವೇ ತಿರಸ್ಕೃತವಾಗಬಹುದು ಎಂದು ಪೋರ್ಟಲ್ ಕೂತು ಬಿಡಿಸಿ ಹೇಳುವುದಿಲ್ಲ. ಹಾಗೆಯೇ ಮತದಾನದ ದಿನದ ವೇತನ ಸಹಿತ ರಜೆ ದಿನಗೂಲಿಯವರಿಗೂ ಉಂಟೆಂದು ಪ್ರತಿ ಸಲ ಆದೇಶ ಹೊರಡುತ್ತದೆ. ಉಲ್ಲಂಘಿಸಿದ ಮಾಲೀಕರಿಗೆ ಕಾಯ್ದೆಯಲ್ಲಿರುವ ದಂಡ ಹೆಚ್ಚೆಂದರೆ ಐನೂರು ರೂಪಾಯಿ. ದಂಡ ಹೆಚ್ಚಿಸುವುದು ಸಂಸತ್ತಿನ ಕೆಲಸ. ಉಲ್ಲಂಘಿಸಿದವರ ಪಟ್ಟಿಯನ್ನು ಪ್ರಕಟಿಸುವುದು ತಮ್ಮಿಂದ ಆಗುವ ಕೆಲಸ.

ಕೊನೆಯದಾಗಿ, ತಮ್ಮ ವ್ಯಾಪ್ತಿಗೆ ಬಾರದ, ಆದರೂ ಹೇಳದೆ ಬಿಡಲಾಗದ ಒಂದು ವಿಷಯ. ಹೊಸಬರು ಯಾರೂ ನೇರವಾಗಿ ವಿಧಾನಸಭೆಗೆ ನಿಲ್ಲಬೇಕಾಗಿರಲಿಲ್ಲ. ಮೊದಲು ವಾರ್ಡಿಗೆ ನಿಂತು, ಕಸ, ನೀರು, ಬೀದಿದೀಪದ ಕೆಲಸ ಮಾಡಿ ತೋರಿಸಿ, ಆಮೇಲೆ ದೊಡ್ಡ ಚುನಾವಣೆಗೆ ಹೋಗುವುದು ಸಹಜ ದಾರಿ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. 2023ರ ವಿಧಾನಸಭಾ ಚುನಾವಣೆ ಬಂದಾಗ ಇಡೀ ನಗರದಲ್ಲಿ ಒಬ್ಬ ಕಾರ್ಪೊರೇಟರ್ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರಿಗೆ ಐದು ಪಾಲಿಕೆಗಳಾದದ್ದೂ ಚುನಾಯಿತ ಸದಸ್ಯರಿಲ್ಲದೆಯೇ. ಹಳ್ಳಿಯ ಕೂಲಿಯವರಿಗೆ ಗ್ರಾಮ ಪಂಚಾಯಿತಿಯಾದರೂ ಇತ್ತು; ಬೆಂಗಳೂರಿನ ಕಾರ್ಮಿಕರಿಗೆ ಆ ವರ್ಷಗಳಲ್ಲಿ ವಿಧಾನಸಭೆಗಿಂತ ಕೆಳಗೆ ನಿಲ್ಲಲು ಜಾಗವೇ ಇರಲಿಲ್ಲ. ಪಾಲಿಕೆಗಳ ಚುನಾವಣೆ ಐದು ವರ್ಷಕ್ಕೊಮ್ಮೆ ತಪ್ಪದೆ ನಡೆಯಬೇಕೆಂಬ ನಮ್ಮ ಒತ್ತಾಯವನ್ನು ರಾಜ್ಯ ಚುನಾವಣಾ ಆಯೋಗಕ್ಕೂ ಸಲ್ಲಿಸುತ್ತಿದ್ದೇವೆ.

ಈ ಬೇಡಿಕೆಗಳಲ್ಲಿ ತಮ್ಮ ಕಚೇರಿಯ ಸುತ್ತೋಲೆಯಿಂದಲೇ ಆಗುವಂಥವು ಯಾವುವು, ಆಯೋಗಕ್ಕೆ ಅಥವಾ ಸರ್ಕಾರಕ್ಕೆ ಕಳುಹಿಸಬೇಕಾದವು ಯಾವುವು ಎಂದು ವಿಂಗಡಿಸಿ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇವೆ. ನಮ್ಮ ಪ್ರತಿನಿಧಿಗಳ ಭೇಟಿಗೆ ದಯವಿಟ್ಟು ಭಾನುವಾರ ಅಥವಾ ಯಾವುದೇ ದಿನ ಸಂಜೆ ಏಳರ ನಂತರ ಸಮಯ ಕೊಡಬೇಕು. ಹಗಲು ಹೊತ್ತು ಕೊಟ್ಟರೆ ಬರುವವರ ಒಂದು ದಿನದ ಕೂಲಿ ಹೋಗುತ್ತದೆ.



ಇಂತಿ ತಮ್ಮ ವಿಶ್ವಾಸಿಗಳು,
ಸಿಂಗಸಂದ್ರ ಮತ್ತು ಸುತ್ತಮುತ್ತಲ ಕಾರ್ಮಿಕ ಮತದಾರರು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತಿನ ಹಾಳೆಗಳನ್ನು ಲಗತ್ತಿಸಿದೆ, ಅವನ್ನು ಯಾವ ಮಾಲೀಕರಿಗೂ ತೋರಿಸಬಾರದೆಂದು ಕೋರಿಕೆ.)

ಪ್ರತಿಗಳು:
ಭಾರತ ಚುನಾವಣಾ ಆಯೋಗ, ನಿರ್ವಾಚನ ಸದನ, ನವದೆಹಲಿ
ಆಯುಕ್ತರು, ಕಾರ್ಮಿಕ ಇಲಾಖೆ, ಕರ್ನಾಟಕ ಸರ್ಕಾರ
ಕರ್ನಾಟಕ ರಾಜ್ಯ ಚುನಾವಣಾ ಆಯೋಗ, ಬೆಂಗಳೂರು